‘ನಿಮ್ಮ ಕಾರ್ಡ್ ಇಲ್ಲಿ ನಡಿಯಂಗಿಲ್ರಿ’ ಅಂದಾಗ ಏನು ಮಾಡಬೇಕು?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ಔಷಧಿ ಚೀಟಿ ತರುವವರು ಆಸ್ಪತ್ರೆ ಸುದ್ದಿಯನ್ನೂ ಹೇಳಿ ಹೋಗುತ್ತಾರೆ. ಈಗೀಗ ಹೆಲ್ತ್ ಇನ್ಶೂರೆನ್ಸ್ ಇರುವವರಿಂದ ಜಾಸ್ತಿ ಕೇಳುವುದು ಇದು: “ಹ್ವಾದ ವರ್ಷ ಕ್ಯಾಶ್‌ಲೆಸ್ ಆಗಿತ್ರಿ. ಈ ಸಲ ನಿಮ್ಮ ಕಂಪನಿ ನಮ್ಮಲ್ಲಿ ನಡಿಯಂಗಿಲ್ಲ ಅಂದ್ರು. ಡಾಕ್ಟರ್ ಬದಲಿ ಮಾಡಬೇಕೇನ್ರಿ ಅಣ್ಣಾ?”

ಬೇಡ. ಅವಸರ ಮಾಡಬೇಡಿ.

ಕ್ಯಾಶ್‌ಲೆಸ್ ಅಂದ್ರೆ ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು. ಜಗಳ ಇರುವುದು ಆಸ್ಪತ್ರೆಗೂ ಆ ಕಂಪನಿಗೂ. ಈ ಆಪರೇಷನ್‌ಗೆ ಇಷ್ಟೇ ಕೊಡುತ್ತೇವೆ ಅಂತ ಕಂಪನಿ ಹೇಳುತ್ತದೆ, ಆ ರೇಟಿಗೆ ನಮಗೆ ಗಿಟ್ಟುವುದಿಲ್ಲ ಅಂತ ಆಸ್ಪತ್ರೆ. ಹಳೇ ಬಿಲ್ಲಿನ ಬಾಕಿಯೂ ಇರುತ್ತದೆ. 2025ರ ಆಗಸ್ಟ್‌ನಲ್ಲಿ ಆಸ್ಪತ್ರೆಗಳ ಸಂಘವಾದ ಎಎಚ್‌ಪಿಐ, ಸೆಪ್ಟೆಂಬರ್ 1ರಿಂದ ಬಜಾಜ್ ಅಲಿಯಾನ್ಸ್ ಕ್ಯಾಶ್‌ಲೆಸ್ ನಿಲ್ಲಿಸಿ ಅಂತ ಉತ್ತರ ಭಾರತದ ತನ್ನ ಸದಸ್ಯರಿಗೆ ಹೇಳಿತ್ತು. ಆಮೇಲೆ ಮಾತುಕತೆಯಾಗಿ ತಣ್ಣಗಾಯಿತು. ಇಂಥ ಜಗಳ ಎಷ್ಟೋ ಸಲ ಹೀಗೇ ಮುಗಿಯುತ್ತದೆ. ಅಷ್ಟರಲ್ಲಿ ನೀವು ಡಾಕ್ಟರನ್ನು ಬಿಟ್ಟು ಬಂದಿರುತ್ತೀರಿ.

ನಮ್ಮವ್ವನಿಗೆ ಸ್ಟೆಂಟ್ ಹಾಕಿದ ಆಸ್ಪತ್ರೆಯೂ ಹೀಗೇ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಿಂದ (ಇದಕ್ಕೇ ನೆಟ್‌ವರ್ಕ್ ಅನ್ನುತ್ತಾರೆ) ಹೋಯಿತು. ಆದರೂ ಅವ್ವ ಅದೇ ಡಾಕ್ಟರ ಹತ್ತಿರವೇ ತೋರಿಸುತ್ತಾಳೆ. ಯಾಕಂದ್ರೆ ಹೆಚ್ಚಿನ ಪಾಲಿಸಿಗಳಲ್ಲಿ ಒಪಿಡಿ, ಅಂದ್ರೆ ಅಡ್ಮಿಟ್ ಆಗದೆ ತೋರಿಸಿಕೊಳ್ಳುವ ಖರ್ಚು ಬರುವುದೇ ಇಲ್ಲ. ತಪಾಸಣೆ ಫೀ ಮೊದಲೂ ನಮ್ಮ ಜೇಬಿನದೇ, ಈಗಲೂ ನಮ್ಮ ಜೇಬಿನದೇ. ತೊಂದರೆ ಬರುವುದು ಅಡ್ಮಿಟ್ ಆಗುವಾಗ ಮಾತ್ರ. ಇದು ಗೊತ್ತಿಲ್ಲದೆ ಶುಗರ್, ಬಿಪಿ ತೋರಿಸುವವರೂ ಡಾಕ್ಟರ್ ಬದಲಿಸಿಬಿಡುತ್ತಾರೆ. ಹೊಸ ಡಾಕ್ಟರ್ ಮಾತ್ರೆ ಬದಲಿಸುತ್ತಾರೆ, ಹಳೇ ಸ್ಟ್ರಿಪ್ ವಾಪಸ್ ತಗೋತೀರಾ ಅಂತ ನನ್ನ ಅಂಗಡಿಗೆ ಬರುತ್ತಾರೆ.

ಕ್ಯಾಶ್‌ಲೆಸ್ ಕೌಂಟರಿನ ಹುಡುಗ ಬಾಯಲ್ಲಿ ಹೇಳಿದ್ದನ್ನೇ ಕೊನೆ ಮಾತು ಅಂದುಕೊಳ್ಳಬೇಡಿ. ಕಂಪನಿಗೆ ಮೇಲ್ ಹಾಕಿ. ಹೀಗೆ ಬರೆದರೆ ಸಾಕು:

“ನನ್ನ ಪಾಲಿಸಿ ನಂಬರ್ ಇದು. ಈ ಆಸ್ಪತ್ರೆ ಈಗ ನಿಮ್ಮ ನೆಟ್‌ವರ್ಕ್‌ನಲ್ಲಿ ಇದೆಯೇ? ಇಲ್ಲದಿದ್ದರೆ ಯಾವ ತಾರೀಖಿನಿಂದ? ನೀವು ಹೊರಗಿಟ್ಟ ಆಸ್ಪತ್ರೆಗಳ ಪಟ್ಟಿಯಲ್ಲಿ ಇದರ ಹೆಸರಿದೆಯೇ? ಇಲ್ಲಿ ನಾನೇ ದುಡ್ಡು ಕಟ್ಟಿ ಅಡ್ಮಿಟ್ ಆದರೆ ಆ ದುಡ್ಡು ವಾಪಸ್ (ರೀಇಂಬರ್ಸ್‌ಮೆಂಟ್) ಸಿಗುತ್ತದೆಯೇ?”

ಮೂರನೇ ಪ್ರಶ್ನೆ ಬಿಡಬೇಡಿ. ನೆಟ್‌ವರ್ಕ್‌ನಿಂದ ಹೊರಗೆ ಬಿದ್ದ ಆಸ್ಪತ್ರೆ ಬೇರೆ, ಕಂಪನಿ ಹೊರಗಿಟ್ಟ ಪಟ್ಟಿಯಲ್ಲಿರುವ ಆಸ್ಪತ್ರೆ ಬೇರೆ. ಮೊದಲನೆಯದಾದರೆ ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಮಾಡಬಹುದು. ಎರಡನೆಯದಾದರೆ ಜೀವಕ್ಕೆ ಅಪಾಯವಿರುವ ತುರ್ತು ಅಥವಾ ಅಪಘಾತ ಬಿಟ್ಟು ಒಂದು ಪೈಸೆಯೂ ಬರುವುದಿಲ್ಲ. ಆಗಲೂ ರೋಗಿ ಸ್ಥಿರವಾಗುವ ತನಕದ ಖರ್ಚು ಮಾತ್ರ.

ಆಪರೇಷನ್ ಬೇಕೇಬೇಕು ಅಂದಾಗ ಡಾಕ್ಟರನ್ನೇ ನೇರವಾಗಿ ಕೇಳಿ: “ಸರ್, ನೀವು ಬ್ಯಾರೆ ಯಾವ ಆಸ್ಪತ್ರೆಗೆ ಹೋಗ್ತೀರಿ?” ನಮ್ಮೂರಲ್ಲಿ ಎಷ್ಟೋ ಸರ್ಜನ್‌ಗಳು ಒಂದಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಾರೆ. ಅದರಲ್ಲಿ ಒಂದು ನಿಮ್ಮ ಪಟ್ಟಿಯಲ್ಲಿದ್ದರೆ ಮುಗಿಯಿತಲ್ವಾ? ಕೇಳಲು ನಾಚಿಕೆ ಯಾಕೆ? ಅವರಿಗೂ ಪೇಷಂಟ್ ಬೇಕು.

ಅದೂ ಆಗದಿದ್ದರೆ ‘ಕ್ಯಾಶ್‌ಲೆಸ್ ಎವ್ರಿವೇರ್’ ಅಂತ ಒಂದಿದೆ. 2024ರ ಜನವರಿಯಲ್ಲಿ ಇನ್ಶೂರೆನ್ಸ್ ಕಂಪನಿಗಳ ಮಂಡಳಿಯಾದ ಜನರಲ್ ಇನ್ಶೂರೆನ್ಸ್ ಕೌನ್ಸಿಲ್ ತಂದದ್ದು. ನೆಟ್‌ವರ್ಕ್‌ನಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಕನಿಷ್ಠ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು, ತುರ್ತಾದರೆ ಅಡ್ಮಿಟ್ ಆದ 48 ಗಂಟೆಯೊಳಗೆ. ಆದರೆ ಆಸ್ಪತ್ರೆಯೂ ಒಪ್ಪಬೇಕು. ಜಗಳದ ಬಿಸಿ ಇನ್ನೂ ಆರದಿದ್ದರೆ ಒಪ್ಪುವುದು ಕಷ್ಟವೇ.

ಉಳಿದದ್ದು ಕೈಯಿಂದ ಕಟ್ಟಿ ಕ್ಲೇಮ್ ಮಾಡುವ ದಾರಿ. ಇಲ್ಲಿ ಕಾಗದವೇ ಎಲ್ಲಾ. ಡಿಸ್ಚಾರ್ಜ್ ಸಮ್ಮರಿ, ಸೀಲ್ ಇರುವ ಫೈನಲ್ ಬಿಲ್, ಅದರ ಬಿಡಿಬಿಡಿ ವಿವರ, ರಸೀದಿ, ರಿಪೋರ್ಟ್‌ಗಳು, ಔಷಧಿ ಬಿಲ್‌ಗಳ ಜೊತೆಗೆ ಆಯಾ ಚೀಟಿ. ಸ್ಟೆಂಟ್ ಅಥವಾ ಮೊಣಕಾಲಿನ ಇಂಪ್ಲಾಂಟ್ ಹಾಕಿದ್ದರೆ ಅದರ ಡಬ್ಬಿ ಮೇಲಿನ ಸ್ಟಿಕರ್ ಕೇಳಿ ತಗೊಳ್ಳಿ. ಬಾರ್‌ಕೋಡ್, ಬ್ಯಾಚ್ ನಂಬರ್ ಇರುವ ಬೆರಳಗಲದ ಚೀಟಿ ಅದು. ಅದಿಲ್ಲ ಅಂತಲೇ ಫೈಲ್ ನಿಲ್ಲಿಸುತ್ತಾರೆ. ಕೇಸ್ ಶೀಟ್ (ನಿಮ್ಮ ಚಿಕಿತ್ಸೆ ಬಗ್ಗೆ ಆಸ್ಪತ್ರೆ ಬರೆದಿಟ್ಟ ದಾಖಲೆ) ಪ್ರತಿಯನ್ನು ಬರೆದು ಕೇಳಿ; 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ಮಂಡಳಿ ನಿಯಮವೇ ಇದೆ. ಕಳಿಸುವ ಮುಂಚೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ.

ಎದೆನೋವು ಬಂದಾಗ ಮಾತ್ರ ಇದ್ಯಾವುದನ್ನೂ ನೋಡಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. ಹೃದಯದ ಕೇಸಿಗೆ ಜಯದೇವ ಇಲ್ಲೇ ಇದೆ, ಮೊದಲಿನ ಹಾಗೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡಬೇಕಾಗಿಲ್ಲ. ಮನೆಯ ರೇಷನ್ ಕಾರ್ಡನ್ನೂ ಮರೆಯಬೇಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ತುರ್ತಲ್ಲದಿದ್ದರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು.

ಕ್ಲೇಮ್ ದುಡ್ಡು ಕೊಡದಿದ್ದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ ‘ಬೀಮಾ ಭರೋಸಾ’ ಪೋರ್ಟಲ್‌ನಲ್ಲೂ ದೂರು ಹಾಕಬಹುದು, ಫೋನ್ 155255. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರು ಕೇಳಿ ತೀರ್ಪು ಕೊಡುವ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ಫೀ ಇಲ್ಲ, ವಕೀಲರು ಬೇಡ, ಆನ್‌ಲೈನ್‌ನಲ್ಲೇ ಹಾಕಬಹುದು. ಒಂದು ವರ್ಷದೊಳಗೆ ಹಾಕಬೇಕು ಅಷ್ಟೇ. ಇದೆಲ್ಲ ನಿಮ್ಮ ಕ್ಲೇಮ್ ದುಡ್ಡಿಗೆ. ಆಸ್ಪತ್ರೆಯನ್ನು ಮತ್ತೆ ಪಟ್ಟಿಗೆ ಸೇರಿಸಿ ಅಂತ ಅಲ್ಲಿ ಹೋಗಿ ಉಪಯೋಗವಿಲ್ಲ.

ಒಬ್ಬ ಡಾಕ್ಟರಿಗಾಗಿ ಕಂಪನಿ ಬದಲಿಸುವುದು ನನಗಂತೂ ಸರಿ ಕಾಣುವುದಿಲ್ಲ. ನಾಳೆ ಹೊಸ ಕಂಪನಿಗೂ ಅದೇ ಆಸ್ಪತ್ರೆಗೂ ಜಗಳ ಆಗಬಹುದು. ಬದಲಿಸಲೇಬೇಕು ಅಂದರೆ ಹೊಸ ಪಾಲಿಸಿ ಮಾಡಿಸಬೇಡಿ, ಪೋರ್ಟ್ ಮಾಡಿಸಿ, ಅಂದ್ರೆ ಇರುವ ಪಾಲಿಸಿಯನ್ನೇ ಹೊಸ ಕಂಪನಿಗೆ ವರ್ಗಾಯಿಸಿ. ಆಗ ಹಳೇ ರೋಗಗಳಿಗೆ ಕ್ಲೇಮ್ ಸಿಗಲು ಕಾದ ವರ್ಷಗಳು ಜೊತೆಗೆ ಬರುತ್ತವೆ. ರಿನ್ಯೂವಲ್ ತಾರೀಖಿಗೆ ಕನಿಷ್ಠ 45 ದಿನ ಮುಂಚೆ ಅರ್ಜಿ ಹಾಕಿ. ಹೊಸ ಕಂಪನಿ ಬೇಡ ಅನ್ನಲೂಬಹುದು, ಅದಕ್ಕೇ ಅವರ ಒಪ್ಪಿಗೆ ಕಾಗದ ಕೈಗೆ ಬರುವ ತನಕ ಹಳೇ ಪಾಲಿಸಿ ಬಿಡಬೇಡಿ.