ಪಕ್ಕದ ಮನೆಯ ಆಲ್ಬಮ್‌ನಲ್ಲಿ ಸಿಕ್ಕ ಮನೆ

ಸುಟ್ಟ ಮನೆಯ ಚಿತ್ರವನ್ನು ಯಾರಾದರೂ ಗೋಡೆಗೆ ತೂಗುಹಾಕುತ್ತಾರೆಯೇ ಎಂದು ಮೊದಲು ನಕ್ಕವನು ನಾನು ಪ್ರಿಂಟ್ ಹಾಕಿಸುತ್ತಿದ್ದ ಬೆಳಗಾವಿಯ ಲ್ಯಾಬಿನ ಹುಡುಗ. ಆಮೇಲೆ ನಮ್ಮ ಮನೆಯವರು ನಕ್ಕರು. ಊರಿನ ಹಿರಿಯರೊಬ್ಬರು ನಗಲಿಲ್ಲ, ಬೈದರು: ‘ಹೋದದ್ದು ಹೋಯಿತು ತಮ್ಮಾ, ಮತ್ತೆ ಯಾಕೆ ಕಣ್ಣ ಮುಂದೆ ತರುತ್ತೀ?’ ಈಗ ಏಳು ಮನೆಗಳಲ್ಲಿ ನಾನು ಫೋಟೋ ತುಂಡುಗಳನ್ನು ಅಂಟಿಸಿ ಮಾಡಿದ ಏಳು ಕೊಲಾಜ್‌ಗಳಿವೆ. ಬೈದ ಹಿರಿಯರದ್ದು ಆರನೆಯದು. ಕೇಳಿ ಮಾಡಿಸಿಕೊಂಡರು.

ಖಾನಾಪುರ ತಾಲ್ಲೂಕಿನ ಕಾಡಂಚಿನ ಊರು ಅದು, ಭೀಮಗಡದ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರು ಹಾಕಬೇಡ ಎಂದಿದ್ದಾರೆ. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಗುಡ್ಡದ ಮೇಲಿನ ಒಣ ಎಲೆಗೆ ಬಿದ್ದ ಕಿಡಿ ಗೇರು ತೋಟಕ್ಕೆ ಇಳಿಯಿತು, ಅಲ್ಲಿಂದ ಹುಲ್ಲಿನ ಬಣವೆಗೆ ಹಾರಿತು. ಬಣವೆಗಳು ಮನೆಗೆ ತಾಗಿಯೇ ಇದ್ದವು. ಜನರೆಲ್ಲ ಉಳಿದರು, ಎರಡು ಎಮ್ಮೆ ಹೋದವು, ಏಳು ಮನೆಗಳ ಸೂರು ಕುಸಿಯಿತು. ಕಿಡಿ ಯಾರದು ಎಂಬ ಜಗಳ ಇನ್ನೂ ನಡೆಯುತ್ತಿದೆ. ಅದು ನನಗೆ ಬೇಡ.

ಖಾನಾಪುರದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಆ ಊರು ನನ್ನ ಸೋದರಮಾವನದು. ಮಾಮಿ ಕೇಳಿದ್ದು ಒಂದೇ ಮಾತು: ‘ನಿನ್ನ ಕಂಪ್ಯೂಟರಿನಲ್ಲಿ ನಮ್ಮ ಮನೆಯದೊಂದು ಫೋಟೋ ಇರಬೇಕಲ್ಲ?’ ಇರಲಿಲ್ಲ. ಅವರ ಮಗಳ ಮದುವೆಯಲ್ಲಿ ಎರಡು ಸಾವಿರ ಕ್ಲಿಕ್ ಮಾಡಿದ್ದೆ, ಎಲ್ಲವೂ ಕಲ್ಯಾಣ ಮಂಟಪದವು. ಮನೆ ಎಂಬುದನ್ನು ಯಾರೂ ಚಿತ್ರಕ್ಕೆ ಕೂರಿಸುವುದಿಲ್ಲ.

ಮೊದಲ ಪ್ರಯತ್ನ ಮಹಾ ದಡ್ಡತನ. ಪಾಳು ಗೋಡೆಯ ಒಂದು ದೊಡ್ಡ ಚಿತ್ರ ತೆಗೆದು, ಅದರ ಮೇಲೆ ಮನೆಯವರ ಮುಖಗಳನ್ನು ಫೋಟೋಶಾಪ್‌ನಲ್ಲಿ ತೇಲಿಸಿ, ಫ್ಲೆಕ್ಸ್ ಮಾಡಿಸಿದೆ. ಶ್ರದ್ಧಾಂಜಲಿ ಬ್ಯಾನರ್ ಆಯಿತು. ಮಾಮಿ ಅದನ್ನು ಮಡಚಿ ಗೋವಿನಜೋಳದ ಮೇಲೆ ಹೊದಿಸಿದರು.

ಎರಡನೆಯದು ಅದಕ್ಕಿಂತ ದುಬಾರಿ. ಕಲಾವಿದನಾಗುವ ಹುಚ್ಚು ಹತ್ತಿ, ಆ ಮನೆಯದೇ ಬೂದಿಯನ್ನು ಜರಡಿ ಹಿಡಿದು, ಗೋಂದಿನಲ್ಲಿ ಕಲಸಿ, ಪ್ರಿಂಟುಗಳ ನಡುವೆ ಬಳಿದೆ. ಮೇ ತಿಂಗಳಲ್ಲಿ ನೋಡಿದವರೆಲ್ಲ ತಲೆದೂಗಿದರು. ಜೂನ್‌ನಲ್ಲಿ ನಮ್ಮ ಕಡೆಯ ಮಳೆ ಹಿಡಿಯಿತು. ಸೌದೆಯ ಬೂದಿಯಲ್ಲಿ ಕ್ಷಾರವಿದೆ, ಅದು ಗಾಳಿಯ ತೇವವನ್ನು ಕುಡಿಯುತ್ತದೆ. ಹದಿನೈದು ದಿನದಲ್ಲಿ ಬೋರ್ಡು ಬೆವರತೊಡಗಿತು, ಪ್ರಿಂಟಿನ ಅಂಚುಗಳಲ್ಲಿ ಹಳದಿ ಕಲೆ ಎದ್ದಿತು. ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯ ಮೊಮ್ಮಗನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಈಗ ಬೂದಿಯನ್ನು ಮುಟ್ಟುವುದಿಲ್ಲ. ಕಪ್ಪು ಬೇಕಾದರೆ ಜಂತಿಯ ಇದ್ದಿಲನ್ನು ಅರೆದು, ಆರೇಳು ಸಲ ನೀರು ಬದಲಿಸಿ ತೊಳೆದು, ಒಣಗಿಸಿ ಬಳಸುತ್ತೇನೆ. ಈ ಎರಡು ಪಾಠಗಳಿಗೆ ಒಂಬತ್ತು ಸಾವಿರ ಹೋಯಿತು. ಬಸ್ಸಿನ ಖರ್ಚು ಬೇರೆ.

ದಾರಿ ಸಿಕ್ಕಿದ್ದು ಬೇರೊಬ್ಬರ ಮನೆಯಲ್ಲಿ. ಬೀಡಿ ಎಂಬ ಊರಿನಲ್ಲಿರುವ ಬೀಗರ ಮನೆಗೆ ಹೋಗಿದ್ದಾಗ ಹಳೆಯ ಆಲ್ಬಮ್ ತೆಗೆದರು. ಯಾವುದೋ ಮಗುವಿನ ಜಾವಳದ ಚಿತ್ರ. ಮಗುವಿನ ಹಿಂದೆ ಮಾವನ ಮನೆಯ ಬಾಗಿಲು, ಅದರ ಪಕ್ಕದ ಮಾಡ, ಅಂದರೆ ಗೋಡೆಯ ಗೂಡು, ಮಾಡದಲ್ಲಿ ಚಿಮಣಿ ದೀಪ, ಗೂಟಕ್ಕೆ ನೇತುಹಾಕಿದ ಕೊಡೆ. ಎಲ್ಲವೂ ಸ್ವಲ್ಪ ಮಸುಕಾಗಿ, ಆದರೆ ಇದ್ದ ಜಾಗದಲ್ಲೇ ಇದ್ದವು. ಮನೆ ಸುಟ್ಟವರ ಆಲ್ಬಮ್ ಮನೆಯ ಜೊತೆಗೇ ಸುಟ್ಟಿರುತ್ತದೆ. ಆ ಮನೆಗೆ ಬಂದು ಹೋದವರ ಆಲ್ಬಮ್ ಉಳಿದಿರುತ್ತದೆ. ಮುಖಗಳನ್ನು ಬಿಟ್ಟು ಬೆನ್ನ ಹಿಂದಿನದನ್ನು ನೋಡಬೇಕು.

ಅಂದಿನಿಂದ ಒಂದು ವರ್ಷ ನಾನು ಮಾಡಿದ್ದು ಬೀಗರ ಮನೆ ಸುತ್ತುವ ಕೆಲಸವೇ. ಸುಮಾರು ನಲವತ್ತು ಆಲ್ಬಮ್, ಎರಡೂವರೆ ಸಾವಿರಕ್ಕೂ ಹೆಚ್ಚು ಚಿತ್ರ ನೋಡಿರಬೇಕು. ಉಪಯೋಗಕ್ಕೆ ಬಂದದ್ದು ಮುನ್ನೂರರ ಆಸುಪಾಸು. ಎಲ್ಲಕ್ಕಿಂತ ದೊಡ್ಡ ಖಜಾನೆ ಹಳೆಯ ಮದುವೆ ವೀಡಿಯೊ ಕ್ಯಾಸೆಟ್. ಆ ಕಾಲದ ವೀಡಿಯೊದವರು ತಲೆಯ ಮೇಲೆ ಲೈಟು ಹಿಡಿಸಿಕೊಂಡು ಕಟ್ಟೆಯಿಂದ ಹಿಡಿದು ಅಡುಗೆಮನೆಯವರೆಗೆ ನಿಧಾನವಾಗಿ ಸುತ್ತುತ್ತಿದ್ದರು. ನಾವು ಅದನ್ನು ಹಾಸ್ಯ ಮಾಡಿದ್ದೇವೆ. ಈಗ ಅವರಿಗೆ ಕೈಮುಗಿಯುತ್ತೇನೆ. ಒಂದು ಕ್ಯಾಸೆಟ್ಟಿನಿಂದ ಇಡೀ ಪಡಸಾಲೆ ಸಿಕ್ಕಿತು. ಆದರೆ ಆ ಫ್ರೇಮುಗಳನ್ನು ಎರಡು ಇಂಚಿಗಿಂತ ದೊಡ್ಡದು ಮಾಡಬೇಡಿ, ಅಂಬಲಿಯಾಗುತ್ತದೆ.

ಮಾವನ ಮನೆಯ ಟ್ರಂಕಿನಲ್ಲಿ ಒಂದು ಕಟ್ಟು ಉಳಿದಿತ್ತು. ಬೆಂಕಿ ಆರಿಸಲು ಎರಚಿದ ನೀರಿಗೆ ನೆನೆದು, ಒಣಗಿ, ಇಟ್ಟಿಗೆಯಾಗಿತ್ತು. ಮನೆಯವರು ಚಾಕು ಹಾಕಿ ಬಿಡಿಸುವವರಿದ್ದರು, ತಡೆದೆ. ತಣ್ಣೀರಿನ ತಟ್ಟೆಯಲ್ಲಿ ಅರ್ಧ ಗಂಟೆ, ಹಟ ಮಾಡಿದವಕ್ಕೆ ಒಂದು ಗಂಟೆ. ಅರವತ್ತರಲ್ಲಿ ಇಪ್ಪತ್ತೆರಡು ಮುಖ ಸಮೇತ ಬಂದವು. ಹಳೆಯ ಕಪ್ಪು-ಬಿಳುಪಿನವು ಗಟ್ಟಿಗ. ಪ್ಲಾಸ್ಟಿಕ್ ಕವರಿನಲ್ಲಿದ್ದ ಕಲರ್ ಪ್ರಿಂಟುಗಳು ಕವರಿಗೇ ಕರಗಿ ಅಂಟಿದ್ದವು, ಒಂದೂ ದಕ್ಕಲಿಲ್ಲ. ಇಂಕ್‌ಜೆಟ್ ಪ್ರಿಂಟನ್ನು ನೀರಿಗೆ ಹಾಕಬೇಡಿ ಎಂದು ನಿಮಗೆ ಹೇಳಬೇಕಾಗಿಲ್ಲ. ನಾನು ಒಂದನ್ನು ಹಾಕಿದೆ.

ಜೋಡಣೆಗೆ ಬರುತ್ತೇನೆ. ತಳದಲ್ಲಿ ಇರುವುದು ಈಗಿನ ಪಾಳು. ಅಂಗಳದ ಒಂದೇ ಜಾಗದಲ್ಲಿ ಟ್ರೈಪಾಡ್ ನಿಲ್ಲಿಸಿ, ಮೋಡದ ಬೆಳಗಿನಲ್ಲಿ, ಎಕ್ಸ್‌ಪೋಶರ್ (ಕ್ಯಾಮೆರಾದೊಳಗೆ ಬೀಳುವ ಬೆಳಕಿನ ಪ್ರಮಾಣ) ಬದಲಾಗದಂತೆ ಕಟ್ಟಿಹಾಕಿ, ಮೂರನೇ ಒಂದು ಪಾಲು ಒಂದರ ಮೇಲೊಂದು ಬರುವಂತೆ ಗೋಡೆಯನ್ನು ತುಂಡು ತುಂಡಾಗಿ ತೆಗೆಯುತ್ತೇನೆ. ನಾಲ್ಕು-ಆರು ಇಂಚಿನ ಪ್ರಿಂಟುಗಳು ನೂರಹತ್ತು-ನೂರಿಪ್ಪತ್ತು ಬೇಕು, ನಾಲ್ಕಡಿ ಅಗಲ ಮೂರಡಿ ಎತ್ತರದ ಬೋರ್ಡು ತುಂಬುತ್ತದೆ. ಒಂದೇ ದೊಡ್ಡ ಪ್ರಿಂಟ್ ಸಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ 1980ರ ದಶಕದಲ್ಲಿ ಹೀಗೆ ಪ್ರಿಂಟುಗಳನ್ನು ಪಕ್ಕಪಕ್ಕ ಅಂಟಿಸಿ ಚಿತ್ರ ಕಟ್ಟಿದ್ದನ್ನು ನೀವು ನೋಡಿರುತ್ತೀರಿ. ಕಣ್ಣು ಒಂದೊಂದು ತುಂಡಿನಲ್ಲಿ ನಿಂತು ಮುಂದೆ ಹೋಗುತ್ತದೆ. ಮನೆಯವರೂ ಹಾಗೆಯೇ ನೋಡುತ್ತಾರೆ. ಇಲ್ಲಿ ಬಾಗಿಲು, ಇಲ್ಲಿ ಒರಳು, ಇಲ್ಲಿ ಅಪ್ಪ ಕೂರುತ್ತಿದ್ದದ್ದು.

ಆ ಪಾಳಿನ ಮೇಲೆ ಹಳೆಯ ಚಿತ್ರದ ಬಾಗಿಲು ಈಗಿನ ಬಾಗಿಲಿನ ಜಾಗದಲ್ಲೇ, ಅದೇ ಅಳತೆಯಲ್ಲಿ ಕೂರಬೇಕು. ಅಳತೆ ಸಿಗುವುದು ಹೆಂಚಿನಿಂದ. ಬಿದ್ದ ಖಾನಾಪುರ ಹೆಂಚೊಂದನ್ನು ಟೇಪಿನಲ್ಲಿ ಅಳೆದುಕೊಳ್ಳಿ, ಹಳೆಯ ಚಿತ್ರದಲ್ಲಿ ಸೂರಿನ ಅಂಚಿನ ಹೆಂಚುಗಳನ್ನು ಎಣಿಸಿ, ಉಳಿದದ್ದು ಮಗ್ಗಿ. ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರು 2018ರ ನವೆಂಬರ್‌ನಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 85 ಜನ ಸತ್ತರು, ಹದಿನೆಂಟು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಹೋದವು. ಆ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕಟ್ಟಿಗೆಯ ಮನೆಗಳು, ನೆಲಸಮ, ಹೊಗೆಗೂಡು ಮಾತ್ರ ನಿಂತಿದೆ. ಅಲ್ಲಿ ಹಳೆಯ ಚಿತ್ರವನ್ನು ಯಾವುದಕ್ಕೆ ಆನಿಸುವುದು? ನಮ್ಮ ಕಡೆಯ ಚಿರೆಕಲ್ಲಿನ ಗೋಡೆ ಸುಟ್ಟರೂ ನಿಲ್ಲುತ್ತದೆ, ಕಲ್ಲಿನ ಹೊಸ್ತಿಲು ಕದಲುವುದಿಲ್ಲ. ನನ್ನ ವಿಧಾನ ನಡೆಯುವುದು ಈ ಕಲ್ಲಿನ ದಯದಿಂದ.

ಅಂಟಿನ ವಿಷಯಕ್ಕೆ ಒಂದು ಪುಟ ಬರೆಯಬಹುದು. ಬಡಿಗರ ಬಿಳಿ ಅಂಟು ಲ್ಯಾಬ್ ಪ್ರಿಂಟಿಗೆ ಆಗುವುದಿಲ್ಲ. ಆ ಕಾಗದಕ್ಕೆ ಎರಡೂ ಕಡೆ ಪ್ಲಾಸ್ಟಿಕ್ ಪದರವಿದೆ, ಅಂಟಿನ ನೀರು ಹೊರಗೆ ಹೋಗಲು ದಾರಿಯಿಲ್ಲ, ಗುಳ್ಳೆ ಏಳುತ್ತದೆ. ಮೂರನೆಯ ಬೋರ್ಡು ಹೀಗೆ ಹಪ್ಪಳವಾಯಿತು. ಲ್ಯಾಬನ್ನೇ ಬಿಟ್ಟೆ. ಈಗ ಸ್ಟುಡಿಯೋದಲ್ಲೇ ನೀರಿಗೆ ಕರಗದ ಪಿಗ್ಮೆಂಟ್ ಇಂಕಿನಲ್ಲಿ ತೆಳು ಮ್ಯಾಟ್ ಕಾಗದದ ಮೇಲೆ ಹಾಕುತ್ತೇನೆ, ಒಂದಕ್ಕೆ ಹನ್ನೆರಡು ರೂಪಾಯಿ ಬೀಳುತ್ತದೆ. ಅಂಟು ಮೈದಾ ಗಂಜಿ, ಜಿರಳೆ ತಿನ್ನದಿರಲು ಚಿಟಿಕೆ ಮೈಲುತುತ್ತ. ಇನ್ನೊಂದು ಪದಾರ್ಥ ಬೀಳುತ್ತದೆ, ಅದು ನನ್ನ ಹತ್ತಿರವೇ ಇರಲಿ. ಹಳೆಯ ತುಂಡುಗಳ ಅಂಚನ್ನು ಹಿಂದಿನಿಂದ ಪಾಲಿಶ್ ಪೇಪರ್‌ನಲ್ಲಿ ಸವೆಸಿ ತೆಳ್ಳಗೆ ಮಾಡಿ, ಇಲ್ಲವಾದರೆ ನೆರಳಿನ ಗೆರೆ ಬಿದ್ದು ಮನೆ ಮಂಕಾಗಿ ಕಾಣುತ್ತದೆ. ಕೆಂಪಿಗೆ ತಿರುಗಿದ ಹಳೆಯ ಕಲರ್ ಪ್ರಿಂಟನ್ನು ಈಗಿನದಕ್ಕೆ ಹೊಂದಿಸುವುದು ಹೇಗೆಂದು ಹುಬ್ಬಳ್ಳಿಯವರೆಗಿನ ಗೆಳೆಯರು ಫೋನ್ ಮಾಡುತ್ತಾರೆ. ಅರ್ಧ ಉತ್ತರ: ಹೊಂದಿಸಬೇಡಿ, ಸ್ವಲ್ಪ ಕೆಂಪು ಉಳಿಯಲಿ. ಉಳಿದರ್ಧಕ್ಕೆ ಖಾನಾಪುರಕ್ಕೆ ಬಂದು ಚಹಾ ಕುಡಿಸಬೇಕು.

ಎಲ್ಲ ಸೇರಿ ಒಂದಕ್ಕೆ ಎರಡೂವರೆ ಸಾವಿರ ಖರ್ಚು. ಮೊದಲ ಮೂರಕ್ಕೆ ಹಣ ಕೇಳಲಿಲ್ಲ. ನಾಲ್ಕನೆಯವರು ಒಂದು ಚೀಲ ಅಕ್ಕಿ, ಐದನೆಯವರು ಗೇರುಬೀಜ ಕೊಟ್ಟರು. ರೆಸಾರ್ಟಿನವರೊಬ್ಬರು ಐದನೆಯದನ್ನು ನೋಡಿ ಇಪ್ಪತ್ತೈದು ಸಾವಿರಕ್ಕೆ ಕೇಳಿದರು. ಇನ್ನೊಬ್ಬರ ಸುಟ್ಟ ಮನೆ ಅವರ ಊಟದ ಹಾಲಿನಲ್ಲಿ ಯಾಕೆ? ಕೊಡಲಿಲ್ಲ. ಆ ತಿಂಗಳ ಸ್ಟುಡಿಯೋ ಬಾಡಿಗೆ ಬಾಕಿ ಇತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ನಡುವೆ ಹೆಂಚಿನ ಹುಚ್ಚೂ ಹತ್ತಿತ್ತು. ಲೇಸರ್ ಪ್ರಿಂಟನ್ನು ಕನ್ನಡಿಯಂತೆ ತಿರುಗಿಸಿ ತೆಗೆದು, ಒಡೆದ ಹೆಂಚಿಗೆ ಅಕ್ರಿಲಿಕ್ ಬಳಿದು, ಮುಖ ಕೆಳಗಾಗಿ ಒತ್ತಿ, ಒಣಗಿದ ಮೇಲೆ ನೀರು ಹಚ್ಚಿ ಕಾಗದ ಉಜ್ಜಿ ತೆಗೆದರೆ ಚಿತ್ರ ಹೆಂಚಿನಲ್ಲಿ ನಿಲ್ಲುತ್ತದೆ. ಇಪ್ಪತ್ತರಲ್ಲಿ ಎಂಟು ಚೆನ್ನಾಗಿ ಬಂದವು. ಮಕ್ಕಳು ಅವುಗಳಲ್ಲಿ ಲಗೋರಿ ಆಡಿದರು.

ಪರಿಹಾರದ ಅರ್ಜಿಗೆ ಇದು ಸಾಕ್ಷಿಯಾಗಬಹುದೆಂದು ಒಂದು ಕೊಲಾಜ್ ಹೊತ್ತುಕೊಂಡು ಕಚೇರಿಗೆ ಹೋಗಿದ್ದೆವು. ‘ಇದು ಅಂಟಿಸಿದ್ದು’ ಎಂದು ಹಿಂದಕ್ಕೆ ತಳ್ಳಿದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಬೀಗರ ಆಲ್ಬಮ್‌ನ ಬಿಡಿ ಚಿತ್ರಗಳನ್ನು ಕೊಟ್ಟಾಗ ತೆಗೆದುಕೊಂಡರು.

ನಿಜವಾದ ಗಿರಾಕಿ ಸಿಕ್ಕಿದ್ದು ಗೌಂಡಿ. ಮಾವನ ಮನೆ ಮತ್ತೆ ಕಟ್ಟುವಾಗ ಮಾಮಿ ನೀಲನಕ್ಷೆಯ ಬದಲು ಕೊಲಾಜನ್ನೇ ಮುಂದಿಟ್ಟರು: ಕಿಟಕಿ ಇಲ್ಲಿ, ಕಟ್ಟೆ ಇಷ್ಟು ಎತ್ತರ, ಮಾಡ ಇಲ್ಲಿ. ಆತ ಬೆರಳಿಟ್ಟು ಅಳೆದು ಕಟ್ಟಿದ. ಗಾರೆ ಒಣಗಿದ ಮೇಲೆ ಮಾವನ ತಾಯಿ ಮುಂಬಯಿಯಿಂದ ಬಂದರು. ಹಿರಿಯ ಜೀವ, ಒಂದು ಕಣ್ಣು ಮಾತ್ರ ಕಾಣುತ್ತದೆ. ಗೋಡೆ ಸವರಿದರು. ‘ಮಾಡ ಈ ಬದಿಗೆ ಇರಲಿಲ್ಲ.’

ಸ್ಟುಡಿಯೋಗೆ ಓಡಿಬಂದು ಜಾವಳದ ಚಿತ್ರ ನೋಡಿದೆ. ಮಗುವನ್ನು ಎತ್ತಿಕೊಂಡವರ ಅಂಗಿಯ ಜೇಬು ಬಲಗಡೆ ಇತ್ತು. ಎಂದೋ ಯಾರೋ ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದರು. ಇಪ್ಪತ್ತೆರಡು ವರ್ಷ ಈ ಕೆಲಸದಲ್ಲಿದ್ದೇನೆ, ಜೇಬು ನೋಡಿರಲಿಲ್ಲ. ಮಾಡ ಮುಚ್ಚಿ ಇನ್ನೊಂದು ಬದಿಗೆ ತೆಗೆಯಲು ಗೌಂಡಿ ಸಾವಿರದ ಎಂಟುನೂರು ಹೇಳಿದ, ನಾನೇ ಕೊಟ್ಟೆ. ಅಜ್ಜಿ ಹೊಸದನ್ನು ತೆಗೆಸಿದರು, ಹಳೆಯದನ್ನು ಮುಚ್ಚಗೊಡಲಿಲ್ಲ. ಅಲ್ಲಿ ಈಗ ಮೊಬೈಲ್ ಚಾರ್ಜಿಗೆ ಇಡುತ್ತಾರೆ. ನೀವು ಆಲ್ಬಮ್ ನೋಡುವಾಗ ಮೊದಲು ಜೇಬು, ಕೈಗಡಿಯಾರ, ಅಂಗಡಿಯ ಬೋರ್ಡಿನ ಅಕ್ಷರ ನೋಡಿ.

ಮನೆಗಳ ಕೆಲಸ ಮುಗಿದಿದೆ. ಈಗ ಗುಡ್ಡದ್ದು ನಡೆಯುತ್ತಿದೆ. ಬೆಂಕಿ ಇಳಿದ ಇಳಿಜಾರನ್ನು ಒಂದೇ ಬಂಡೆಯ ಮೇಲೆ ನಿಂತು ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ತುಂಡು ತುಂಡಾಗಿ ತೆಗೆಯುತ್ತಿದ್ದೇನೆ. ಮೊದಲ ವರ್ಷದ ಕಪ್ಪು ತುಂಡಿನ ಪಕ್ಕದಲ್ಲೇ ಎರಡನೆಯ ವರ್ಷದ ಹಸಿರು ತುಂಡು ಬರುತ್ತದೆ. ಹಸಿರೆಂದರೆ ಹಿಗ್ಗಬೇಕಾಗಿಲ್ಲ, ಬಹುಪಾಲು ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಎಂಬ ಕಳೆಗಳು. ಗೇರು ಬುಡದಿಂದ ಚಿಗುರಿದೆ, ಫಸಲು ಇನ್ನೂ ಬಂದಿಲ್ಲ. ಬಂಡೆಯ ಮೇಲೆ ಟ್ರೈಪಾಡಿನ ಕಾಲಿಗೆ ಹಾಕಿದ್ದ ಮೂರು ಗುರುತುಗಳು ಕಳೆದ ಮಳೆಯಲ್ಲಿ ಮಾಸಿವೆ. ದಸರೆಯ ಹೊತ್ತಿಗೆ ಒಂದು ಸಣ್ಣ ಡಬ್ಬಿ ಕೆಂಪು ಆಯಿಲ್ ಪೇಂಟ್ ತೆಗೆದುಕೊಂಡು ಹತ್ತಬೇಕು.