ಹಾಲಿನ ಡೈರಿ ಲೆಕ್ಕ ಬರೆಯುತ್ತಾ ಜಾವಾ ಕಲಿತಿದ್ದು

ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪಾಠ ಯಾವುದನ್ನೇ ನೋಡಿ, ಶುರುವಿನಲ್ಲೇ ನಾಲ್ಕು ಪದ ಎದುರಾಗುತ್ತವೆ: ಎನ್‌ಕ್ಯಾಪ್ಸುಲೇಷನ್, ಇನ್ಹೆರಿಟೆನ್ಸ್, ಪಾಲಿಮಾರ್ಫಿಸಂ, ಅಬ್‌ಸ್ಟ್ರಾಕ್ಷನ್. ನಾನು ಬಿ.ಕಾಂ. ಮುಗಿಸಿ ಜಾವಾ ಕಲಿಯೋಕೆ ಕೂತಾಗ ಈ ನಾಲ್ಕನ್ನೂ ಪಕ್ಕಕ್ಕಿಟ್ಟೆ. ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಲೆಕ್ಕ ಹಿಡಿದುಕೊಂಡೆ. ಅದು ನಮ್ಮೂರ ಹಾಲಿನ ಡೈರಿ ಲೆಕ್ಕ. ಬೆಳಗ್ಗೆ, ಸಂಜೆ ಜನ ಹಾಲು ಹಾಕುತ್ತಾರೆ. ಲೀಟರ್ ಬರೆದುಕೊಳ್ಳುತ್ತಾರೆ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ನೋಡುತ್ತಾರೆ. ಅದರ ಮೇಲೆ ರೇಟು. ಪಾಠಗಳಲ್ಲಿ ಬರುವ ನಾಯಿ ಬೊಗಳುವ, ಬೆಕ್ಕು ಕೂಗುವ ಉದಾಹರಣೆಗಳಲ್ಲಿ ಪ್ರೋಗ್ರಾಂ ಮಾಡಬೇಕಾದ ಕೆಲಸವೇ ಇರುವುದಿಲ್ಲ. ಡೈರಿಯಲ್ಲಿ ಬೇಕಾದಷ್ಟಿದೆ. ಕ್ಲಾಸು (ಒಂದು ಬಗೆಯ ವಸ್ತುವಿನ ನಮೂನೆ), ಆಬ್ಜೆಕ್ಟು (ಆ ನಮೂನೆಯಿಂದ ಮಾಡಿದ ಒಂದೊಂದು ವಸ್ತು) ಹುಟ್ಟಿದ್ದೂ ಇಂಥ ಕೆಲಸದಿಂದಲೇ ಅಲ್ವಾ? ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್, ಕ್ರಿಸ್ಟನ್ ನೈಗಾರ್ಡ್ ಸಿಮುಲಾ ಭಾಷೆ ಕಟ್ಟಿದ್ದು ಹೊರಗೆ ನಡೆಯುವ ಕೆಲಸಗಳನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡೋಕೆ.

ಸಣ್ಣಪುಟ್ಟ ಪರೀಕ್ಷೆಗೆ ಜೆಶೆಲ್ ಬಳಸಿದೆ. 2017 ರಲ್ಲಿ ಬಂದ ಜಾವಾ 9 ರಿಂದ ಅದು ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯೋಕೆ ಬೇಕಾದ ಸಾಧನಗಳ ಕಟ್ಟು) ಜೊತೆಗೇ ಬರುತ್ತದೆ. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಉತ್ತರ ಅಲ್ಲೇ ಸಿಗುತ್ತದೆ. ಕ್ಲಾಸುಗಳನ್ನು ಮಾತ್ರ ಫೈಲಿನಲ್ಲಿ ಬರೆದೆ, ಅದೂ ಕನ್ನಡದ ಹೆಸರುಗಳಲ್ಲಿ. ಜಾವಾ ಇದಕ್ಕೆ ಬಿಡುತ್ತದೆ. ‘ಸದಸ್ಯ’ ಅಂತ ಕ್ಲಾಸು, ‘ಲೀಟರ್’ ಅಂತ ಫೀಲ್ಡು (ಒಳಗೆ ಇಡುವ ಮಾಹಿತಿ), ‘ಹಾಲುಹಾಕು’ ಅಂತ ಮೆಥಡ್ (ಮಾಡುವ ಕೆಲಸ). ಇದರ ಲಾಭ ದೊಡ್ಡದು. ಯಾವುದು ಜಾವಾ ಕೊಟ್ಟ ಪದ, ಯಾವುದು ನಾವಿಟ್ಟ ಹೆಸರು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಹೊಸಬರಿಗೆ ಅರ್ಧ ಗೊಂದಲ ಅಲ್ಲೇ ಇರುತ್ತದೆ. ವಿಂಡೋಸ್‌ನಲ್ಲಿ ಜಾವಾ 18 ಕ್ಕಿಂತ ಹಳೆಯದು ಇದ್ದರೆ, ಕನ್ನಡ ಅಕ್ಷರಗಳನ್ನು ಸರಿಯಾಗಿ ಓದಲಿ ಅಂತ ಕಂಪೈಲ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಬೇಕು. 18 ರಿಂದ ಈಚೆಗೆ ಅದೇ ಡೀಫಾಲ್ಟ್. ಆಫೀಸಿನ ಕೋಡಿಗೆ ಇಂಗ್ಲಿಷ್ ಹೆಸರೇ ಸರಿ, ಅಲ್ಲಿ ನಾಲ್ಕು ಜನ ಓದಬೇಕು.

ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಟ್ಟಿದ್ದು ರೆಫರೆನ್ಸ್‌ಗೆ. ನ್ಯೂ ಅಂತ ಬರೆದಾಗ ಮೆಮೊರಿಯಲ್ಲಿ ಒಬ್ಬ ಸದಸ್ಯ ಹುಟ್ಟುತ್ತಾನೆ. ವೇರಿಯಬಲ್‌ನಲ್ಲಿ ಕೂರುವುದು ಆ ಸದಸ್ಯ ಅಲ್ಲ, ಅವನು ಎಲ್ಲಿದ್ದಾನೆ ಅನ್ನುವ ಗುರುತು. ಅದೇ ರೆಫರೆನ್ಸ್. ಇದನ್ನು ಚಿತ್ರ ಬರೆದು ಕಲಿತೆ. ಹಾಳೆಯ ಎಡಗಡೆ ವೇರಿಯಬಲ್, ಬಲಗಡೆ ಆಬ್ಜೆಕ್ಟ್, ನಡುವೆ ಬಾಣ. ಕೋಡ್ ಓಡಿಸುವ ಮುಂಚೆ ಬಾಣ ಎಲ್ಲಿಗೆ ಹೋಗುತ್ತದೆ ಅಂತ ಬರೆಯುತ್ತಿದ್ದೆ, ಆಮೇಲೆ ಓಡಿಸಿ ತಾಳೆ ನೋಡುತ್ತಿದ್ದೆ.

ನೀವೂ ಮಾಡಿ ನೋಡಿ. ‘ಅ’ ಅನ್ನುವ ವೇರಿಯಬಲ್‌ಗೆ ಹೊಸ ಸದಸ್ಯನನ್ನು ಕೊಡಿ. ‘ಬ’ಗೆ ‘ಅ’ವನ್ನೇ ಕೊಡಿ. ಈಗ ‘ಬ’ ಮೂಲಕ 5 ಲೀಟರ್ ಹಾಕಿ, ‘ಅ’ದ ಲೀಟರ್ ಎಷ್ಟು ಅಂತ ಕೇಳಿ. 5 ಅಂತಲೇ ಬರುತ್ತದೆ. ಬಾಣ ಎರಡು, ಸದಸ್ಯ ಒಬ್ಬನೇ. ಅವನನ್ನು ಒಂದು ಮೆಥಡ್‌ಗೆ ಕಳಿಸಿದಾಗ ಬಾಣದ ನಕಲು ಒಳಗೆ ಹೋಗುತ್ತದೆ. ಒಳಗೆ ಲೀಟರ್ ಬದಲಾಯಿಸಿದರೆ ಹೊರಗೂ ಬದಲಾಗುತ್ತದೆ. ಆದರೆ ಒಳಗೆ ಆ ಪ್ಯಾರಾಮೀಟರ್‌ಗೆ ಬೇರೆ ಸದಸ್ಯನನ್ನು ಕೊಟ್ಟರೆ ಹೊರಗೆ ಏನೂ ಆಗುವುದಿಲ್ಲ. ನಲ್ ಅಂದರೆ ಬಾಣ ಎಲ್ಲಿಗೂ ಹೋಗಿಲ್ಲ ಅಷ್ಟೇ.

ಇನ್ನೊಂದು ಪರೀಕ್ಷೆ ಜೆಶೆಲ್‌ನಲ್ಲೇ ಆಗುತ್ತದೆ. ಎರಡು ಇಂಟಿಜರ್ ವೇರಿಯಬಲ್ ಮಾಡಿ, ದೊಡ್ಡ ಐ ಇರುವ ಇಂಟಿಜರ್, ಅಂದರೆ ಸಂಖ್ಯೆಯನ್ನು ಆಬ್ಜೆಕ್ಟ್ ಆಗಿ ಇಡುವುದು. ಎರಡಕ್ಕೂ 127 ಕೊಟ್ಟು == ಹಾಕಿ ಹೋಲಿಸಿದರೆ ಟ್ರೂ. 128 ಕೊಟ್ಟರೆ ಫಾಲ್ಸ್! ಮೈನಸ್ 128 ರಿಂದ 127 ರವರೆಗೆ ಜಾವಾ ಆಬ್ಜೆಕ್ಟ್‌ಗಳನ್ನು ಮೊದಲೇ ಮಾಡಿಟ್ಟು, ಕೇಳಿದಾಗೆಲ್ಲ ಅವನ್ನೇ ಕೊಡುತ್ತದೆ. 128 ಕ್ಕೆ ಹೊಸದು, ಮತ್ತೆ ಹೊಸದು. == ನೋಡುವುದು ಬಾಣವನ್ನು, ಈಕ್ವಲ್ಸ್ ನೋಡುವುದು ಒಳಗಿನ ಸಂಖ್ಯೆಯನ್ನು. ಹಾಳೆಯಲ್ಲಿ ಬಾಣ ಬರೆದವರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ.

ಪ್ರೈವೇಟ್, ಅಂದರೆ ಕ್ಲಾಸಿನ ಹೊರಗಿನ ಕೋಡು ಮುಟ್ಟದಂತೆ ತಡೆಯುವುದು, ಬೇಗ ಅರ್ಥವಾಯಿತು. ಲೀಟರ್ ಫೀಲ್ಡನ್ನು ಯಾರು ಬೇಕಾದರೂ ತಿದ್ದುವಂತಿದ್ದರೆ ಮೈನಸ್ 3 ಲೀಟರ್ ಕೂಡ ಲೆಕ್ಕದೊಳಗೆ ಬಂದುಬಿಡುತ್ತದೆ. ಅದನ್ನು ಪ್ರೈವೇಟ್ ಮಾಡಿ, ‘ಹಾಲುಹಾಕು’ ಮೆಥಡ್ ಒಂದೇ ದಾರಿ ಅಂತ ಇಟ್ಟೆ. ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಎಕ್ಸೆಪ್ಷನ್ (ತಪ್ಪಾಗಿದೆ ಅನ್ನುವ ಸೂಚನೆ) ಎಸೆಯುತ್ತದೆ. ಸುಮ್ನೆ ಎಲ್ಲಾ ಫೀಲ್ಡಿಗೂ ಗೆಟರ್ (ಓದುವ ಮೆಥಡ್), ಸೆಟರ್ (ತಿದ್ದುವ ಮೆಥಡ್) ಬರೆಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಸೆಟರ್ ಇಟ್ಟರೆ ಬಾಗಿಲು ಮತ್ತೆ ತೆರೆದಂತೆಯೇ. ದುಡ್ಡನ್ನು ಡಬಲ್‌ನಲ್ಲಿ (ದಶಮಾಂಶ ಸಂಖ್ಯೆ) ಇಡದೆ ಪೈಸೆ ಲೆಕ್ಕದಲ್ಲಿ ಲಾಂಗ್‌ನಲ್ಲಿ (ಪೂರ್ಣ ಸಂಖ್ಯೆ) ಇಟ್ಟೆ, ಯಾಕೆಂದರೆ ಡಬಲ್‌ನಲ್ಲಿ 0.1 ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ.

ಇನ್ಹೆರಿಟೆನ್ಸ್ (ಒಂದು ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿ ಇನ್ನೊಂದು ಕ್ಲಾಸು ಹುಟ್ಟಿಸುವುದು) ವಿಷಯದಲ್ಲಿ ಡೈರಿ ನನಗೆ ತುಂಬಾ ಕಲಿಸಿತು. ಹಸುವಿನ ಹಾಲಿಗೆ ಒಂದು ರೇಟು, ಎಮ್ಮೆ ಹಾಲಿಗೆ ಇನ್ನೊಂದು. ಪಾಠದಲ್ಲಿರುವಂತೆ ಯೋಚಿಸಿದರೆ ‘ಸದಸ್ಯ’ನಿಂದ ‘ಹಸುಸದಸ್ಯ’, ‘ಎಮ್ಮೆಸದಸ್ಯ’ ಅಂತ ಎರಡು ಕ್ಲಾಸು ಹುಟ್ಟಬೇಕು. ಆದರೆ ಊರಲ್ಲಿ ಎರಡನ್ನೂ ಸಾಕಿದವರು ಇರುತ್ತಾರಲ್ಲ? ಒಂದು ಆಬ್ಜೆಕ್ಟ್ ಹುಟ್ಟುವಾಗ ಯಾವ ಕ್ಲಾಸಿನದೋ ಕೊನೆವರೆಗೂ ಅದೇ. ಜಾವಾದಲ್ಲಿ ಒಂದು ಕ್ಲಾಸು ಎರಡು ಕ್ಲಾಸುಗಳನ್ನು ಎಕ್ಸ್‌ಟೆಂಡ್ ಮಾಡುವಂತೆಯೂ ಇಲ್ಲ. ಹಸುವೋ ಎಮ್ಮೆಯೋ ಅನ್ನುವುದು ಸದಸ್ಯನ ಗುಣ ಅಲ್ಲ, ಆ ಹೊತ್ತು ಹಾಕಿದ ಹಾಲಿನದು. ಹಾಗಾಗಿ ‘ದರ’ ಅಂತ ಒಂದು ಇಂಟರ್‌ಫೇಸ್ (ಯಾವ ಮೆಥಡ್ ಇರಬೇಕು ಅಂತ ಹೇಳುವ ಕರಾರು) ಮಾಡಿದೆ. ‘ಹಸುದರ’, ‘ಎಮ್ಮೆದರ’ ಎರಡೂ ಅದನ್ನು ಇಂಪ್ಲಿಮೆಂಟ್ ಮಾಡುತ್ತವೆ. ಪ್ರತಿ ಹಾಲಿನ ಎಂಟ್ರಿಯ ಒಳಗೆ ಒಂದು ದರ ಇರುತ್ತದೆ. ಬಿಲ್ ಮಾಡುವ ಲೂಪಿನಲ್ಲಿ ಹಸು, ಎಮ್ಮೆ ಅಂತ ಒಂದು ಇಫ್ ಕೂಡ ಇಲ್ಲ. ಪ್ರತಿ ಎಂಟ್ರಿಯ ದರಕ್ಕೂ ‘ಲೆಕ್ಕಹಾಕು’ ಅನ್ನುತ್ತದೆ, ಯಾವ ಲೆಕ್ಕ ಓಡಬೇಕು ಅಂತ ಆಬ್ಜೆಕ್ಟ್ ನೋಡಿ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ಯಂತ್ರಾಂಶ) ತೀರ್ಮಾನಿಸುತ್ತದೆ. ಪಾಲಿಮಾರ್ಫಿಸಂ ಅಂದರೆ ಇದೇ.

ಕೊನೆಗೆ ಸದಸ್ಯರನ್ನು ಹ್ಯಾಶ್‌ಮ್ಯಾಪ್‌ನಲ್ಲಿ (ಒಂದು ಕೀ ಕೊಟ್ಟರೆ ಅದಕ್ಕೆ ಸೇರಿದ್ದನ್ನು ಹುಡುಕಿಕೊಡುವ ಪಟ್ಟಿ) ಇಡುವ ಕೆಲಸ ಬಂತು. ಡೈರಿ ಕೋಡು, ಸದಸ್ಯ ಸಂಖ್ಯೆ ಎರಡೂ ಸೇರಿ ಕೀ. ಈ ಕೀ ಕ್ಲಾಸಿನಲ್ಲಿ ಈಕ್ವಲ್ಸ್, ಹ್ಯಾಶ್‌ಕೋಡ್ (ಪಟ್ಟಿಯಲ್ಲಿ ಎಲ್ಲಿ ಹುಡುಕಬೇಕು ಅಂತ ಹೇಳುವ ಸಂಖ್ಯೆ) ಎರಡೂ ಬರೆಯದಿದ್ದರೆ, ಅದೇ ಕೋಡು, ಅದೇ ಸಂಖ್ಯೆ ಕೊಟ್ಟು ಹೊಸ ಕೀಯಿಂದ ಹುಡುಕಿದರೂ ನಲ್ ಬರುತ್ತದೆ. ಇಲ್ಲೂ ಅದೇ ಬಾಣದ ಕಥೆ. ಎರಡನ್ನೂ ಒಮ್ಮೆ ಕೈಯಾರೆ ಬರೆದೆ. ಆಮೇಲೆ ರೆಕಾರ್ಡ್ (ಮಾಹಿತಿ ಇಡೋಕೆಂದೇ ಇರುವ ಚಿಕ್ಕ ಕ್ಲಾಸು) ಬಳಸಿದೆ, ಜಾವಾ 16 ರಿಂದ ಅದು ಭಾಷೆಯಲ್ಲಿ ಪೂರ್ತಿಯಾಗಿ ಸೇರಿದೆ. ಈಕ್ವಲ್ಸ್, ಹ್ಯಾಶ್‌ಕೋಡ್ ಅದೇ ಮಾಡಿಕೊಡುತ್ತದೆ. ಕೀಗಳೆಲ್ಲ ಈಗ ರೆಕಾರ್ಡುಗಳೇ. ಸದಸ್ಯ ಮಾತ್ರ ಮಾಮೂಲಿ ಕ್ಲಾಸು. ಅವನ ಲೀಟರ್ ದಿನಾ ಬದಲಾಗಬೇಕು, ರೆಕಾರ್ಡಿನ ಫೀಲ್ಡು ಒಮ್ಮೆ ಕೊಟ್ಟ ಮೇಲೆ ಬದಲಾಗುವುದಿಲ್ಲ.