ಬಾಂದೋಲಿನ ವೈನಿಗೆ ಪ್ರೊವಾನ್ಸಿನ ಊಟ: ಒಂದೇ ತೋಟದ ಬಾಟಲಿಗಳನ್ನು ಬಡಿಸುವ ಕ್ರಮ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಬಾಂದೋಲಿನಲ್ಲಿ ಮೀನಿನ ಸಾರಿನ ಜೊತೆ ಕೆಂಪು ವೈನ್ ಬಡಿಸಿದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಆದರೆ ಆ ವೈನ್ ಎಳೆಯದಾಗಿರಬೇಕು, ತಣ್ಣಗಿರಬೇಕು. ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಸೂತ್ರವನ್ನಷ್ಟೇ ನಂಬಿದವರಿಗೆ ಈ ಸೀಮೆಯ ವೈನುಗಳು ಪೂರ್ತಿ ದಕ್ಕುವುದಿಲ್ಲ. ಇಲ್ಲಿ ಬಣ್ಣಕ್ಕಿಂತ ಮೊದಲು ವೈನಿನ ವಯಸ್ಸನ್ನೂ ತಂಪನ್ನೂ ನೋಡಬೇಕು ಎಂಬುದನ್ನು ದೊಮೇನ್ ತಾಂಪಿಯೆ ಎಂಬ ಒಂದೇ ತೋಟದ ಬಾಟಲಿಗಳನ್ನು ಇಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ದ್ರಾಕ್ಷಿಯನ್ನು ಅರಿಯಿರಿ

ಬಾಂದೋಲ್ ಇರುವುದು ಮಾರ್ಸೇ ಮತ್ತು ತುಲೋನ್ ನಗರಗಳ ನಡುವೆ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿದ ಗುಡ್ಡಗಳಲ್ಲಿ. ಸುಣ್ಣಕಲ್ಲಿನ ಆ ಇಳಿಜಾರುಗಳಲ್ಲಿ ಕಲ್ಲು ಪೇರಿಸಿ ಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ದಾರೆ. ಇಲ್ಲಿಯ ಮುಖ್ಯ ದ್ರಾಕ್ಷಿ ಮೂರ್ವೆದ್ರ್. ದಪ್ಪ ಸಿಪ್ಪೆಯ, ಬಹಳ ತಡವಾಗಿ ಹಣ್ಣಾಗುವ ಈ ತಳಿಗೆ ದೀರ್ಘವಾದ ಬಿಸಿಲು ಬೇಕು. ಮೂರ್ವೆದ್ರ್ ಬಳ್ಳಿಗೆ ಸಮುದ್ರ ಕಾಣುತ್ತಿರಬೇಕು ಎಂದು ಅಲ್ಲಿಯವರು ಹೇಳುವುದು ಅದಕ್ಕಾಗಿಯೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿದ ಮೇಲೆ ಮೂರ್ವೆದ್ರ್ ಬಹುಮಟ್ಟಿಗೆ ಮೂಲೆಗೆ ಸರಿದು, ಹೆಚ್ಚು ಇಳುವರಿಯ ತಳಿಗಳು ಅದರ ಜಾಗದಲ್ಲಿ ಕುಳಿತವು.

1936ರಲ್ಲಿ ಲೂಸಿಯೆನ್ ಪೇರೋ ಅವರು ತಾಂಪಿಯೆ ಮನೆತನದ ಲುಲು ಅವರನ್ನು ಮದುವೆಯಾದರು. ಈ ದಂಪತಿಯ ದುಡಿಮೆಯಿಂದ ಮೂರ್ವೆದ್ರ್ ತೋಟಕ್ಕೆ ಮರಳಿತು. 1941ರಲ್ಲಿ ಬಾಂದೋಲಿಗೆ ಅಧಿಕೃತ ಪ್ರಾದೇಶಿಕ ಮಾನ್ಯತೆ ದೊರೆಯಿತು. 1943ರಲ್ಲಿ ತಾಂಪಿಯೆಯ ಮೊದಲ ರೋಸೆ (ಗುಲಾಬಿ ಬಣ್ಣದ ವೈನ್), 1951ರಲ್ಲಿ ಮೊದಲ ಕೆಂಪು ವೈನ್ ಬಾಟಲಿಗೆ ಇಳಿದವು. ಇಂದಿನ ನಿಯಮದ ಪ್ರಕಾರ ಬಾಂದೋಲಿನ ಕೆಂಪು ವೈನಿನಲ್ಲಿ ಕನಿಷ್ಠ ಶೇ 50ರಷ್ಟು ಮೂರ್ವೆದ್ರ್ ಇರಬೇಕು, ಅದು ಮರದ ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು ಮಾಗಬೇಕು. ಲೂಸಿಯೆನ್ ನೆಲಮಾಳಿಗೆಯನ್ನು ನೋಡಿಕೊಂಡರೆ ಲುಲು ಅಡುಗೆಮನೆಯನ್ನು ಆಳಿದರು. 2020ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು ಪ್ರೊವಾನ್ಸಿನ ಅಡುಗೆಗೆ ದೇಶದ ಹೊರಗೂ ಹೆಸರು ತಂದವರು. ಈ ವೈನುಗಳು ಊಟದ ಮೇಜಿನ ಪಕ್ಕದಲ್ಲೇ ಬೆಳೆದವು ಎಂಬುದನ್ನು ಮರೆತು ಅವುಗಳ ಜೋಡಿ ಹುಡುಕಲಾಗದು.

ಎರಡನೆಯದಾಗಿ, ತಂಪನ್ನು ಹೊಂದಿಸಿಕೊಳ್ಳಿ

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕು ಎಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ. ಏಪ್ರಿಲ್ ತಿಂಗಳ ಬೆಂಗಳೂರಿನ ಕೋಣೆಗೆ ಅದು ಅನ್ವಯಿಸುವುದಿಲ್ಲ. ಬೆಚ್ಚಗಾದ ಬಾಂದೋಲಿನಲ್ಲಿ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ. ರೋಸೆ ಮತ್ತು ಬಿಳಿ ವೈನನ್ನು 10ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಳೆಯ ಕೆಂಪು ವೈನನ್ನು ಸುಮಾರು 14 ಡಿಗ್ರಿಯಲ್ಲಿ, ಮಾಗಿದ ಕೆಂಪು ವೈನನ್ನು 16ರಿಂದ 18 ಡಿಗ್ರಿಯಲ್ಲಿ ಬಡಿಸಿ. ಕೆಂಪು ಬಾಟಲಿಯನ್ನು ಊಟಕ್ಕೆ ಮುನ್ನ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಲು ಸಂಕೋಚಪಡಬೇಡಿ.

ಮೂರನೆಯದಾಗಿ, ರೋಸೆಯಿಂದ ಆರಂಭಿಸಿ

ತಾಂಪಿಯೆಯ ರೋಸೆ ನೀರಿನಂಥ ಹಗುರ ಪಾನೀಯವಲ್ಲ. ಅದರಲ್ಲಿ ಗ್ರೆನಾಶ್ ಮತ್ತು ಸಾನ್ಸೋ ದ್ರಾಕ್ಷಿಗಳ ಜೊತೆ ಮೂರ್ವೆದ್ರ್‌ನ ದೊಡ್ಡ ಪಾಲಿರುವುದರಿಂದ ಉಪ್ಪು, ಎಣ್ಣೆ, ಬೆಳ್ಳುಳ್ಳಿ ಮೂರನ್ನೂ ತಡೆದುಕೊಳ್ಳುವ ಮೈಕಟ್ಟು ಅದಕ್ಕಿದೆ. ಊಟಕ್ಕೆ ಮೊದಲು ಸುಟ್ಟ ಬ್ರೆಡ್ಡಿನ ಚೂರಿನ ಮೇಲೆ ತಾಪೆನಾದ್ ಸವರಿ ಇದರ ಜೊತೆ ಕೊಡಿ. ಕಪ್ಪು ಆಲಿವ್, ಉಪ್ಪಿನಲ್ಲಿಟ್ಟ ಆಂಚೊವಿ ಮೀನು ಮತ್ತು ಕೇಪರ್ ಮೊಗ್ಗುಗಳನ್ನು ಅರೆದು ಮಾಡುವ ಈ ಚಟ್ನಿಗೆ ಹೆಸರು ಬಂದಿರುವುದೇ ಪ್ರೊವಾನ್ಸಿನ ಭಾಷೆಯಲ್ಲಿ ಕೇಪರನ್ನು ಸೂಚಿಸುವ ತಾಪೆನೊ ಎಂಬ ಪದದಿಂದ.

ರೋಸೆಗೆ ಅದಕ್ಕಿಂತಲೂ ಒಳ್ಳೆಯ ಜೋಡಿಯೆಂದರೆ ಆಯೋಲಿ. ಬೆಳ್ಳುಳ್ಳಿ ಎಸಳುಗಳನ್ನು ಕಲ್ಲುಪ್ಪಿನ ಜೊತೆ ಸಣ್ಣ ಒರಳಿನಲ್ಲಿ ಹಾಕಿ, ನಾರೆಲ್ಲ ಕರಗಿ ಅಂಟು ಅಂಟಾಗುವವರೆಗೆ ಕುಟ್ಟಿ. ಮೊಟ್ಟೆಯ ಹಳದಿಯನ್ನು ಸೇರಿಸಿ. ಅನಂತರ ಒನಕೆಯನ್ನು ಒಂದೇ ದಿಕ್ಕಿಗೆ ತಿರುಗಿಸುತ್ತ ಆಲಿವ್ ಎಣ್ಣೆಯನ್ನು ಮೊದಲು ಹನಿಹನಿಯಾಗಿ, ಮಿಶ್ರಣ ಹಿಡಿದುಕೊಂಡ ಮೇಲೆ ಸಣ್ಣ ಧಾರೆಯಾಗಿ ಬಿಡಿ. ಒನಕೆಯನ್ನು ನಡುವೆ ನಿಲ್ಲಿಸಿದರೆ ಅದು ಬೀಳದೆ ನಿಲ್ಲಬೇಕು, ಅಷ್ಟು ಗಟ್ಟಿ. ಬೇಯಿಸಿದ ಆಲೂಗೆಡ್ಡೆ, ಕ್ಯಾರೆಟ್, ಬೀನ್ಸ್, ಮೊಟ್ಟೆ ಹಾಗೂ ಉಪ್ಪು ಬಿಡಿಸಿದ ಕಾಡ್ ಮೀನಿನ ನಡುವೆ ಇದನ್ನಿಟ್ಟರೆ ಊಟವೇ ಆಯಿತು. ಹಸಿ ಬೆಳ್ಳುಳ್ಳಿಯ ಖಾರ ನಾಲಗೆಯ ಮೇಲೆ ಕುಳಿತಾಗ ನಾಜೂಕಾದ ಬಿಳಿ ವೈನುಗಳು ಸೋಲುತ್ತವೆ. ಬಾಂದೋಲಿನ ರೋಸೆ ಸೋಲುವುದಿಲ್ಲ.

ಕ್ಲೇರೆತ್ ದ್ರಾಕ್ಷಿ ಪ್ರಧಾನವಾದ ಬಿಳಿ ವೈನನ್ನು ಈ ತೋಟ ಕಡಿಮೆ ಪ್ರಮಾಣದಲ್ಲಿ ಮಾಡುತ್ತದೆ. ಸುಟ್ಟ ಮೀನಿಗೂ ಎಳೆಯ ಮೇಕೆ ಹಾಲಿನ ಚೀಸಿಗೂ ಅದನ್ನು ಇಟ್ಟುಕೊಳ್ಳಿ.

ನಾಲ್ಕನೆಯದಾಗಿ, ಎಳೆಯ ಕೆಂಪು ವೈನನ್ನು ಸಾರಿಗೆ ಸೇರಿಸಿ

ಕೆಂಪು ವೈನ್ ಮೀನಿಗೆ ಒಗ್ಗದಿರುವುದಕ್ಕೆ ಎರಡು ಕಾರಣಗಳಿವೆ. ಒಂದು, ನೇರಳೆ ಹಣ್ಣು ತಿಂದಾಗ ನಾಲಗೆಯನ್ನು ಹಿಡಿಯುವಂಥ ಒಗರು; ಇದನ್ನು ಕೊಡುವ ಟ್ಯಾನಿನ್ ಮೀನಿನ ನವಿರಾದ ಮಾಂಸದ ಮೇಲೆ ಒರಟಾಗಿ ಕೂರುತ್ತದೆ. ಇನ್ನೊಂದು, ವೈನಿನಲ್ಲಿರುವ ಕಬ್ಬಿಣದ ಅಂಶ. ಅದು ಮೀನಿನ ಕೊಬ್ಬಿನ ಜೊತೆ ಸೇರಿ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಸುತ್ತದೆ. ಹೀಗಾಗಿ ಸಾರ್ಡೀನ್, ಅಂದರೆ ನಮ್ಮ ಕರಾವಳಿಯವರು ಬೂತಾಯಿ ಎನ್ನುವ ಬಗೆಯ ಎಣ್ಣೆಯ ಮೀನಿಗೆ ಕೆಂಪು ವೈನ್ ಬೇಡವೇ ಬೇಡ. ಆದರೆ ಮಾರ್ಸೇಯ ಬೂಯಬೇಸ್ ಬೇರೆಯೇ ಸಂಗತಿ. ಬಂಡೆಗಳ ನಡುವೆ ಸಿಗುವ ಎಣ್ಣೆ ಕಡಿಮೆಯಿರುವ ಮೀನುಗಳನ್ನು ಟೊಮೆಟೊ, ಸೋಂಪು, ಕಿತ್ತಳೆ ಸಿಪ್ಪೆ, ಕೇಸರಿಯೊಂದಿಗೆ ಕುದಿಸಿ, ಬೆಳ್ಳುಳ್ಳಿ ಮತ್ತು ಮೆಣಸಿನಕಾಯಿ ಅರೆದ ರೂಯ್ ಎಂಬ ಕೆಂಪು ಗೊಜ್ಜನ್ನು ಬ್ರೆಡ್ಡಿಗೆ ಹಚ್ಚಿ ತಿನ್ನುವ ಈ ಸಾರಿನಲ್ಲಿ ಮೀನಿಗಿಂತ ಮಸಾಲೆಯ ತೂಕವೇ ಹೆಚ್ಚು. ಇಂಥ ತೂಕಕ್ಕೆ ತಕ್ಕ ವೈನ್ ಬೇಕಾದಾಗ 14 ಡಿಗ್ರಿಗೆ ತಂಪಾಗಿಸಿದ ಎಳೆಯ ಬಾಂದೋಲನ್ನು ಧೈರ್ಯವಾಗಿ ಬಡಿಸಬಹುದು.

ಒಂದು ಎಚ್ಚರಿಕೆ: ವೈನ್ ತಂಪಾದಷ್ಟೂ ಒಗರು ಎದ್ದು ಕಾಣುತ್ತದೆ, ಆದ್ದರಿಂದ ಈ ಜಾಗಕ್ಕೆ ಆರಿಸಬೇಕಾದದ್ದು ಹಣ್ಣಿನ ರುಚಿ ಮುಂದಿರುವ ಸಾಮಾನ್ಯ ಬಾಟಲಿಯನ್ನೇ ಹೊರತು ಗಡುಸಾದ ಒಂಟಿ ತೋಟದ (ಒಂದೇ ತುಂಡು ನೆಲದ ದ್ರಾಕ್ಷಿಯಿಂದ ಮಾಡಿದ) ಬಾಟಲಿಯನ್ನಲ್ಲ. ಎಳೆಯ ಮೂರ್ವೆದ್ರ್ ಬಿರಡೆ ತೆಗೆದ ಕೂಡಲೇ ಹಸಿ ಚರ್ಮದಂಥ, ಉಸಿರುಗಟ್ಟಿದಂಥ ವಾಸನೆ ಬೀರಬಹುದು. ಅದು ಕೆಟ್ಟಿದೆಯೆಂದು ಚೆಲ್ಲದೆ, ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದು ಒಂದೆರಡು ಗಂಟೆ ಗಾಳಿಯಾಡಲು ಬಿಡಿ. ಕಪ್ಪು ಹಣ್ಣುಗಳ ಪರಿಮಳ ತಾನಾಗಿ ಮೇಲೇಳುತ್ತದೆ. ಸಾರಿಗೆ ನಮ್ಮ ಮನೆಗಳ ರೂಢಿಯಂತೆ ಮೆಣಸಿನಕಾಯಿ ಹೆಚ್ಚಿಸಲೂ ಬೇಡಿ. ಖಾರವು ಮದ್ಯಸಾರದ ಉರಿಯನ್ನೂ ಒಗರನ್ನೂ ಒಟ್ಟಿಗೆ ಕೆರಳಿಸುತ್ತದೆ.

ಐದನೆಯದಾಗಿ, ಮಾಗಿದ ಬಾಟಲಿಯನ್ನು ಮಾಂಸಕ್ಕೆ ಕಾದಿರಿಸಿ

ತಾಂಪಿಯೆಯ ಒಂಟಿ ತೋಟಗಳ ಕೆಂಪು ವೈನುಗಳಲ್ಲಿ ಮೂರನ್ನು ಮುಖ್ಯವಾಗಿ ಹೆಸರಿಸಬೇಕು. ಮಿಗುವಾದಲ್ಲಿ ಬೇರೆ ತಳಿಗಳ ಬೆರಕೆ ಹೆಚ್ಚು, ಅದರಲ್ಲಿ ಕಾಡುಸೊಪ್ಪಿನ ಪರಿಮಳವಿದೆ. ತುರ್ತೀನ್‌ನಲ್ಲಿ ಮೂರ್ವೆದ್ರ್ ಮೇಲುಗೈ ಪಡೆದಿರುವುದರಿಂದ ಬಿಗಿ ಜಾಸ್ತಿ. ಅದೇ ಗುಡ್ಡದ ಕೆಳಭಾಗದಲ್ಲಿ ಮಿಸ್ತ್ರಾಲ್ ಗಾಳಿಯಿಂದ ಮರೆಯಾಗಿರುವ ಕಬಸಾವ್ ಎಂಬ ಚಿಕ್ಕ ತುಂಡಿನಲ್ಲಿರುವುದು ಹೆಚ್ಚುಕಡಿಮೆ ಮೂರ್ವೆದ್ರ್ ಒಂದೇ. ಅದು ಎಲ್ಲಕ್ಕಿಂತ ಗಟ್ಟಿ. ಇವುಗಳನ್ನು ಹತ್ತು ವರ್ಷ ಇಡುವ ತಾಳ್ಮೆ ಇದ್ದವರಿಗೆ ಚರ್ಮ, ಒಣ ಸೊಪ್ಪು, ಮಳೆ ನಿಂತ ಕಾಡಿನ ಮಣ್ಣು ನೆನಪಾಗುವಂಥ ಪರಿಮಳ ದೊರೆಯುತ್ತದೆ.

ಟ್ಯಾನಿನ್ ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ನಾಲಗೆಗೆ ತಗಲುವ ಒಗರು ಇಳಿಯುತ್ತದೆ. ಬೆಳ್ಳುಳ್ಳಿ ಚುಚ್ಚಿ ಸುಟ್ಟ ಕುರಿಯ ತೊಡೆಗೆ ಐದಾರು ವರ್ಷದ ತುರ್ತೀನ್ ಸಾಕು. ಅತಿ ಹಳೆಯದನ್ನು ದೋಬ್‌ಗೆ ಇಡಿ: ದನದ ಮಾಂಸವನ್ನು ರಾತ್ರಿಯಿಡೀ ಕೆಂಪು ವೈನಿನಲ್ಲಿ ನೆನೆಸಿ, ಥೈಮ್, ಕಿತ್ತಳೆ ಸಿಪ್ಪೆ, ಆಲಿವ್ ಹಾಕಿ ಮಣ್ಣಿನ ಮಡಕೆಯಲ್ಲಿ ನಾಲ್ಕೈದು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿದ ಈ ಅಡುಗೆಯೂ ಮಾಗಿದ ವೈನೂ ಒಂದೇ ಭಾಷೆ ಮಾತಾಡುತ್ತವೆ. ಹಳೆಯ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಸಿ ಕೆಳಗಿಳಿಯಲು ಬಿಡಿ. ಬಗ್ಗಿಸುವಾಗ ಬಾಟಲಿಯ ಕುತ್ತಿಗೆಯ ಹಿಂದೆ ದೀಪ ಹಿಡಿದು, ಕಪ್ಪು ಎಳೆ ಬರುತ್ತಲೇ ನಿಲ್ಲಿಸಿ.

ಸಿಹಿತಿಂಡಿಗೆ ಇವುಗಳಲ್ಲಿ ಯಾವುದನ್ನೂ ಜೋಡಿಸಬೇಡಿ, ಸಕ್ಕರೆಯ ಎದುರು ಒಣ ವೈನ್, ಅಂದರೆ ಸಿಹಿಯಿಲ್ಲದ ವೈನ್, ಹುಳಿಯಾಗಿ ಕಾಣುತ್ತದೆ. ಎಳೆಯ ಕೆಂಪು ವೈನ್ ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಮೂರ್ವೆದ್ರ್ ಮರುದಿನ ಮಧ್ಯಾಹ್ನದ ಊಟಕ್ಕೆ ಇನ್ನಷ್ಟು ಮೃದುವಾಗಿರುತ್ತದೆ.